ಮಣ್ಣೆತ್ತಿನಿಂದ ಜಿಲ್ಲಾ ಮಟ್ಟಕ್ಕೆ: ನನ್ನ ಅನುಭವ

ಈ ಸಲದ ಪ್ರತಿಭಾ ಕಾರಂಜಿಯಲ್ಲಿ, ಅಂದರೆ ಶಾಲಾ ಮಕ್ಕಳ ಪ್ರತಿಭಾ ಸ್ಪರ್ಧೆಯಲ್ಲಿ, ನಮ್ಮ ನಾಲ್ಕನೇ ತರಗತಿಯ ಹುಡುಗಿ ಕ್ಲೇ ಮಾಡೆಲಿಂಗ್‌ನಲ್ಲಿ (ಮಣ್ಣಿನ ಗೊಂಬೆ ಮಾಡುವುದು) ಕ್ಲಸ್ಟರ್ (ಸುತ್ತಲಿನ ಶಾಲೆಗಳ ಗುಂಪು) ಗೆದ್ದಳು, ಬ್ಲಾಕ್ ಗೆದ್ದಳು, ಜಿಲ್ಲೆಯಲ್ಲಿ ಎರಡನೇ ಸ್ಥಾನ ತಂದಳು. ಬೆಂಗಳೂರಿನ ಥಣಿಸಂದ್ರದ ಆಚೆ ಇರುವ, ಡ್ರಾಯಿಂಗ್ ಮೇಷ್ಟ್ರೇ ಇಲ್ಲದ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ನಮ್ಮದು. "ಕಂಠಪಾಠ, ಛದ್ಮವೇಷ ಮಾಡ್ಸಿ ಸಾಕು ಮೇಡಂ, ಮಣ್ಣಾಟ ಯಾಕೆ?" ಅಂದಿದ್ದವರೇ ಈಗ ಫೋನ್ ಮಾಡಿ ಹೇಗೆ ಮಾಡ್ಸಿದ್ರಿ ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇಬಿಡುತ್ತೇನೆ.

ಮೊದಲು ಮಣ್ಣಿನ ಕಥೆ. ಶುರುವಿನಲ್ಲಿ ಅಂಗಡಿಯ ಬಣ್ಣದ ಪ್ಲೇ ಕ್ಲೇ ತಂದೆ. ಡಬ್ಬಿಗೆ 100 ರೂಪಾಯಿ ಮೇಲೆ. ಹಂಚಿದರೆ ಒಂದೊಂದು ಮಗುವಿಗೆ ಗೋಲಿಯಷ್ಟು ಬಂತು. ಆಮೇಲೆ ಪಕ್ಕದ ಸೈಟಿನ ಕೆಮ್ಮಣ್ಣು ಜರಡಿ ಹಿಡಿದೆ. ಮರಳು ಜಾಸ್ತಿ, ಬಗ್ಗಿಸಿದರೆ ಬಿರುಕು. ಕೆರೆ ಮಣ್ಣು ತರಿಸಿದರೆ ನಾತ, ಜೊತೆಗೆ ಗಾಜಿನ ಚೂರು. ಒಂದು ಮಗುವಿನ ಬೆರಳು ಕುಯ್ದು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನನಗೆ ಚೆನ್ನಾಗಿ ಮಂಗಳಾರತಿ ಆಯಿತು. ಕೊನೆಗೆ ಬೆಂಗಳೂರಿನ ಕುಂಬಾರರ ಬೀದಿ ಪಾಟರಿ ಟೌನ್‌ಗೆ ಹೋದೆ. ಒಂದು ಮೂಟೆ ಸುಮಾರು 300 ಕೊಟ್ಟ ನೆನಪು, ಆಟೋಗೆ 350. ಮಣ್ಣಿಗಿಂತ ಬಾಡಿಗೆ ಜಾಸ್ತಿ! ಗಣೇಶ ಹಬ್ಬದ ಮುಂಚೆ ಹೋದರೆ ಅವರಿಗೆ ಮಾತಾಡಲೂ ಪುರುಸೊತ್ತಿರುವುದಿಲ್ಲ. ಹಬ್ಬ ಮುಗಿದ ವಾರ ಹೋಗಿ, ಉಳಿದ ಮಣ್ಣನ್ನು ಅರ್ಧ ರೇಟಿಗೆ ಕೊಡುತ್ತಾರೆ. ಗೋಣಿಚೀಲ ಒಣಗಿದಾಗೆಲ್ಲ ಒದ್ದೆ ಮಾಡಿ ಸುತ್ತಿಟ್ಟರೆ ಮುಂದಿನ ಜೂನ್‌ವರೆಗೂ ಬರುತ್ತದೆ. ಹಳೆಯದಾದಷ್ಟೂ ಮಣ್ಣು ಮೆತ್ತಗೆ ಮಾತು ಕೇಳುತ್ತದೆ.

ಮಣ್ಣು ಸರಿಯಾದರೂ ಕೆಲಸ ಸರಿಯಾಗಲಿಲ್ಲ. ನಾವು ಹೇಳಿಕೊಡುವುದು ಹೇಗೆ ಅಂತ ನಿಮಗೆ ಗೊತ್ತಲ್ವಾ? ಉಂಡೆ ಮಾಡು, ಬತ್ತಿ ಹೊಸೆ, ಅಂಟಿಸು. ಆನೆ ಮಾಡಿದರೆ ಮಾರನೆಯ ದಿನ ಸೊಂಡಿಲು ನೆಲದ ಮೇಲೆ. ಜಾಯಿಂಟಿನಲ್ಲಿ ಗೀರು ಹಾಕಿ ಮಣ್ಣಿನ ಗಂಜಿ ಸವರಿಸಿದೆ, ಸ್ವಲ್ಪ ಸುಧಾರಿಸಿತು ಅಷ್ಟೆ.

ದಾರಿ ತೋರಿಸಿದ್ದು ಈ ಹುಡುಗಿಯೇ. ಯಾದಗಿರಿ ಕಡೆಯವಳು, ಅಪ್ಪ ಅಮ್ಮ ಇಬ್ಬರೂ ಬಿಲ್ಡಿಂಗ್ ಕೆಲಸ. ಆಗ ಎರಡನೇ ತರಗತಿ. ಆಡುತ್ತ ಕಲಿಯುವ ನಲಿಕಲಿ ಗುಂಪಿನಲ್ಲಿ ಬಾಯೇ ಬಿಡುತ್ತಿರಲಿಲ್ಲ. ಮಣ್ಣು ಕೊಟ್ಟಾಗ ಮಾತ್ರ "ಎತ್ತ ಮಾಡ್ಲೇನ್ರೀ ಅಕ್ಕೋರ?" ಅಂದಳು. ಒಂದೇ ಮುದ್ದೆ ಹಿಡಿದು ಅದರಿಂದಲೇ ಕಾಲು ಎಳೆದಳು, ಕೊಂಬು ಎಳೆದಳು, ಡುಬ್ಬ ಚಿವುಟಿ ಎಬ್ಬಿಸಿದಳು. ಅಂಟಿಸಿದ್ದು ಏನೂ ಇಲ್ಲ. ಜಾಯಿಂಟೇ ಇಲ್ಲ ಅಂದಮೇಲೆ ಬಿಡುವುದೆಲ್ಲಿಂದ?

ಅವರ ಕಡೆ ಜ್ಯೇಷ್ಠದಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಮಾಡುತ್ತಾರೆ, ಮಣ್ಣಿನ ಎತ್ತು ಮಾಡಿ ಪೂಜಿಸುವ ಹಬ್ಬ. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಯಾದಗಿರಿ, ರಾಯಚೂರು, ಕಲಬುರಗಿಯವರು. ಅವಳ ಅಮ್ಮನನ್ನು ಒಂದು ಶನಿವಾರ ಕರೆಸಿದೆ. ಒಂದು ದಿನದ ಕೂಲಿ ಹೋಗುತ್ತದೆ ಅಂತ 600 ರೂಪಾಯಿ ಕೈಯಿಂದ ಕೊಟ್ಟೆ. ಅದಕ್ಕೆ ಬಿಲ್ ಎಲ್ಲಿ ಅಂತ ಯಾರೂ ಕೇಳಲಿಲ್ಲ, ಪುಣ್ಯ. ಆಕೆ ಮೊದಲು ನನ್ನನ್ನೇ ತಿದ್ದಿದರು: "ಕೈಗೆ ಅಷ್ಟು ನೀರ್ ಹಚ್ಚಬ್ಯಾಡ್ರಿ, ಸೀಳತೈತಿ." ನಿಜ. ಮಣ್ಣು ಚಪಾತಿ ಹಿಟ್ಟಿನ ಹದಕ್ಕೆ ಬಂದಮೇಲೆ ನೀರು ಮುಟ್ಟಲೇಬಾರದು.

ಅಲ್ಲಿಂದ ನನ್ನ ಅಭ್ಯಾಸದ ಪಟ್ಟಿ ಬದಲಾಯಿತು. ಜೂನ್‌ನಲ್ಲಿ ಎತ್ತು. ಆಷಾಢದ ಮಂಗಳವಾರಗಳಲ್ಲಿ ಮಣ್ಣಿನ ದೇವಿ ಗುಳ್ಳವ್ವ. ಭಾದ್ರಪದದಲ್ಲಿ ಗಣೇಶ, ಹಿಂದೆಯೇ ಮಳೆ ಬೆಳೆಯ ಜನಪದ ದೇವರು ಜೋಕುಮಾರ. ಸ್ಪರ್ಧೆ ಬರುವ ಹೊತ್ತಿಗೆ ಕೈ ಪಳಗಿರುತ್ತದೆ, ಬೇರೆ ಕೋಚಿಂಗ್ ಬೇಡ. ಒಂದೇ ಮುದ್ದೆಯಿಂದ ಎತ್ತು ಎಳೆಯಲು ಬಂದರೆ ಕುದುರೆ, ಹಸು, ಆನೆ ಎಲ್ಲ ಬರುತ್ತದೆ. ಎರಡು ಬೆರಳಿಗಿಂತ ದಪ್ಪ ಇದ್ದರೆ ಹೊಟ್ಟೆಯ ಕೆಳಗಿನಿಂದ ಚಮಚದಲ್ಲಿ ಟೊಳ್ಳು ಮಾಡಿಸಿ, ಒದ್ದೆ ಬಟ್ಟೆ ಹೊದಿಸಿ ನೆರಳಲ್ಲೇ ಒಣಗಿಸಿ. ಕಣ್ಣಿಗೆ ಊರಲ್ಲಿ ಗುಲಗಂಜಿ ಇಡುತ್ತಾರೆ. ಅದು ವಿಷ, ಮಕ್ಕಳ ಕೈಗೆ ಕೊಡಬೇಡಿ. ನಾನು ಜೋಳದ ಕಾಳು ಕೊಡುತ್ತೇನೆ. ಸ್ಪರ್ಧೆಯ ದಿನದ ಮಣ್ಣಿಗೆ ಇನ್ನೊಂದು ವಸ್ತು ಬೆರೆಸುತ್ತೇನೆ, ಅದನ್ನು ಈಗಲೇ ಹೇಳುವುದಿಲ್ಲ. ಮುಂದಿನ ವರ್ಷ ನಮಗೂ ಸ್ಪರ್ಧೆ ಇದೆ.

ಮಧ್ಯೆ ಸುಮ್ನೆ ಕೆಲವು ಪ್ರಯೋಗ ಮಾಡಿದೆ. ಒತ್ತಕ್ಷರ ತಪ್ಪುವ ಮಕ್ಕಳಿಗೆ ಮಣ್ಣಿನ ಬತ್ತಿಯಲ್ಲಿ ಅಕ್ಷರ ಮಾಡಿಸಿದೆ. ಕ್ಕ, ತ್ತ ಬೇಗ ಹತ್ತಿದವು, ರ್ಕ ಮಾತ್ರ ಇನ್ನೂ ಗೋಳು. ಅಳತೆ, ತೂಕ, ವ್ಯಾಪಾರ ಕಲಿಸುವ ಮೆಟ್ರಿಕ್ ಮೇಳಕ್ಕೆ 250 ಗ್ರಾಂ ಉಂಡೆಗಳನ್ನು ಮಕ್ಕಳೇ ತೂಗಿ ಮಾಡಿದರು. ವಾರ ಬಿಟ್ಟು ತೂಗಿದರೆ 200ರ ಹತ್ತಿರ! "ಯಾರೋ ಕದ್ದವ್ರೆ ಮಿಸ್" ಅಂತ ಒಬ್ಬ ಅಳುವುದಕ್ಕೇ ಶುರು ಮಾಡಿದ. ನೀರು ಆರಿ ಹೋಗುವ ಪಾಠ ಅವತ್ತೇ ಮುಗಿಯಿತು. ಕಡಲೆಕಾಯಿ ಪರಿಷೆ ಸಮಯದಲ್ಲಿ ಬಸವನಗುಡಿಯ ದೊಡ್ಡ ಬಸವನನ್ನು ನೋಡಿಸಿಕೊಂಡು ಬಂದೆ. ಕೂತ ಬಸವ ಮಾಡಲು ಅರ್ಧ ಗಂಟೆ ಸಾಕು, ಕಾಲು ಮುರಿಯುವ ಭಯವೂ ಇಲ್ಲ. ಆದರೆ ಜಡ್ಜ್‌ಗಳಿಗೆ ನಿಂತ ಎತ್ತೇ ಇಷ್ಟ, ನೋಡಿದ್ದೇನೆ.

ಎರಡು ವರ್ಷಕ್ಕೆ ಒಟ್ಟು ಖರ್ಚು 4,000 ಆಸುಪಾಸು. ಅರ್ಧ ನನ್ನ ಜೇಬಿನಿಂದ, ಉಳಿದದ್ದು ಎಸ್‌ಡಿಎಂಸಿ ಕೊಟ್ಟಿತು, ಬಹುಮಾನ ಬಂದಮೇಲೆ.

ಮುಂದಿನ ವರ್ಷ ಹುಡುಗಿ ಐದಕ್ಕೆ ಹೋಗುತ್ತಾಳೆ, ಹಿರಿಯ ಮಕ್ಕಳ ಜೊತೆ ಸ್ಪರ್ಧೆ. ಮೂರನೇ ತರಗತಿಯಲ್ಲಿ ರಾಯಚೂರಿನ ಹುಡುಗನೊಬ್ಬ ಇದ್ದಾನೆ, ಎತ್ತಿಗೆ ಗಾಡಿ ಸಮೇತ ಮಾಡುತ್ತಾನೆ. ಅವರಪ್ಪ ಕೆಲಸ ಮಾಡುವ ಬಿಲ್ಡಿಂಗ್ ಮಾರ್ಚ್‌ಗೆ ಮುಗಿಯುತ್ತದಂತೆ, ಆಮೇಲೆ ಸರ್ಜಾಪುರ ಕಡೆ ಕೆಲಸ. ಟಿಸಿ ಕೇಳಲು ಈಗಾಗಲೇ ಒಮ್ಮೆ ಬಂದಿದ್ದರು. ಕೊಡದೆ ಇರುವ ಹಾಗಿಲ್ಲ. ಆ ಕಡೆಯ ಕ್ಲಸ್ಟರ್‌ನವರಿಗೆ ಲಾಟರಿ.