ಮಿನಿಯೇಚರ್ ಕೊಳ್ಳುವಾಗ ಮೊದಲು ಕಾಲು ನೋಡಿ

ಮೇಜಿನ ಮೇಲಿನ ಯುದ್ಧದಾಟಕ್ಕೆ ಬಳಸುವ ಪುಟ್ಟ ಸೈನಿಕ ಗೊಂಬೆಗಳೇ ಈ ಮಿನಿಯೇಚರ್. ಪರೀಕ್ಷಿಸಲು ಬಣ್ಣ ಬೇಡ. ಬರೀ ಕಪ್ಪು ಪ್ರೈಮರ್ (ಬಣ್ಣಕ್ಕೆ ಮೊದಲಿನ ಲೇಪ) ಹೊಡೆದು, ಒಂದೇ ಅಳತೆಯ ಬೇಸ್ (ಅಡಿಯ ಬಿಲ್ಲೆ) ಮೇಲೆ ಸಾಲಾಗಿ ನಿಲ್ಲಿಸಿ, ಮೇಜಿನಿಂದ ಮೂರಡಿ ದೂರ ನಿಂತು ನೋಡಿ. ಯಾವನು ಓಡುತ್ತಿದ್ದಾನೆ, ಯಾವನು ಗುಂಡು ತುಂಬುತ್ತಿದ್ದಾನೆ ಅಂತ ತಿಳಿಯದಿದ್ದರೆ ಆ ಸರಣಿಗೆ ದುಡ್ಡು ಹಾಕಬೇಡಿ. ನಾನು ಇದನ್ನು ಹೇಳಿದಾಗ ನಮ್ಮ ಭಾನುವಾರದ ಗುಂಪಿನಲ್ಲಿ ಎಲ್ಲರೂ ನಕ್ಕಿದ್ದರು. "ಹುಡುಗಿ ನೋಡೋಕೆ ಹೋಗಿ ಲೈಟ್ ಆರಿಸ್ತೀಯೇನೋ ಮಾರಾಯ?" ಅಂದ ಒಬ್ಬ. ಈಗ ಅವನೇ ಹೊಸ ಸ್ಪ್ರೂ (ಬಿಡಿಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟು) ಬಂದರೆ ಮೊದಲು ನನ್ನ ಹತ್ತಿರ ತರುತ್ತಾನೆ.

ಇದಕ್ಕೆಲ್ಲ ಕಾರಣ ದುಡ್ಡು. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಇಪ್ಪತ್ತೈದು ಪೌಂಡ್ ಇರುವ ಪೆಟ್ಟಿಗೆ ಅಂಚೆ, ಸುಂಕ ಎಲ್ಲ ಸೇರಿ ಬೆಂಗಳೂರಿನ ನನ್ನ ಮನೆಗೆ ಬರುವಾಗ ಐದು ಸಾವಿರದ ಹತ್ತಿರ ಹೋಗುತ್ತದೆ. ಪೆಟ್ಟಿಗೆ ಮೇಲಿನ ಚಿತ್ರ ನೋಡಿ ಕೊಂಡರೆ ಗತಿ ಅಷ್ಟೇ. ಅದು ಬಣ್ಣ ಹಚ್ಚಿದವನ ಕೈಚಳಕ, ಅಚ್ಚಿನದಲ್ಲ.

ಸುಮಾರು 28 ಮಿಮೀ ಎತ್ತರದ ಪ್ಲಾಸ್ಟಿಕ್ ಸೈನಿಕರ ಒಂದು ಪೆಟ್ಟಿಗೆ ಬಂತು. ಹೆಸರು ಬೇಡ. ತಲೆಗಳು ಹತ್ತಾರು, ತೋಳುಗಳು ರಾಶಿ, "ಸಾವಿರಾರು ಜೋಡಣೆ ಸಾಧ್ಯ" ಅಂತ ಜಂಬ. ದೇಹ ಮಾತ್ರ ಐದೋ ಆರೋ. ಮೂವತ್ತು ಚಿಲ್ಲರೆ ಸೈನಿಕರನ್ನು ಕೂಡಿಸಿ ನಿಲ್ಲಿಸಿದರೆ ಎಲ್ಲರೂ ಅದೇ ಎಡಗಾಲು ಮುಂದೆ ಇಟ್ಟಿದ್ದಾರೆ! ಮೂರಡಿ ದೂರದಿಂದ ಮುಖ ಕಾಣಲ್ಲ, ಮೀಸೆ ಕಾಣಲ್ಲ. ಕಾಣುವುದು ಹೆಜ್ಜೆ, ಆಯುಧದ ಓರೆ, ಟೋಪಿಯ ಅಂಚು. ಅದಕ್ಕೇ ನಾನು ಮೊದಲು ಕಾಲು ಎಣಿಸುತ್ತೇನೆ, ಆಮೇಲೆ ಆಯುಧ, ತಲೆ ಕೊನೆಗೆ.

ಹಾಗಂತ ವೈವಿಧ್ಯ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತಲ್ಲ. ನೆಪೋಲಿಯನ್ ಕಾಲದ ಪದಾತಿ ಸಾಲಿಗೆ ಮೂರು ನಾಲ್ಕು ಬಗೆಯ ಕಾಲು ಸಾಕು. ಎಲ್ಲರೂ ಒಂದೇ ಥರ ನಡೆಯುವುದೇ ಅಲ್ಲಿ ಚೆಂದ. ವೈಕಿಂಗ್ ಗುಂಪಿಗೆ ಎಂಟು ಬಗೆ ಇದ್ದರೂ ಸಾಲದು.

ಇನ್ನೊಂದು ಜಗಳದ ವಿಷಯ. ಇಂಗ್ಲೆಂಡಿನ ಮಿನಿಯೇಚರ್ ಶಿಲ್ಪಿಗಳಾದ ಪೆರ್ರಿ ಸೋದರರ ಮಿನಿಗಳಲ್ಲಿ ಕೈ, ತಲೆ, ಬಂದೂಕು ಎಲ್ಲ ಮೈಗೆ ತಕ್ಕ ಹಾಗೆ. ಗೇಮ್ಸ್ ವರ್ಕ್‌ಶಾಪ್ ಕಂಪನಿಯ ಹೀರೋಯಿಕ್ ಶೈಲಿಯಲ್ಲಿ ಮುಷ್ಟಿ, ತಲೆ, ಕತ್ತಿ ಎಲ್ಲ ದಪ್ಪ. ಕೈಯಲ್ಲಿ ಹಿಡಿದು ನೋಡಿದರೆ ನನಗೂ ಪೆರ್ರಿಯೇ ಇಷ್ಟ. ಕಪ್ಪು ಪರೀಕ್ಷೆಯಲ್ಲಿ ಗೆಲ್ಲುವುದು ಮಾತ್ರ ಆ ದಪ್ಪ ಮುಷ್ಟಿಯವನು. ಇತಿಹಾಸದ ನಿಜ ಯುದ್ಧಗಳನ್ನು ಆಡುವವರಿಗೆ ಇದು ಹಿಡಿಸಲ್ಲ, ನನಗೆ ಗೊತ್ತು.

ಎರಡು ಕಂಪನಿಯವು ಒಟ್ಟಿಗೆ ನಿಲ್ಲುತ್ತವೋ ಇಲ್ಲವೋ ನೋಡಲು ಪಾದದಿಂದ ಕಣ್ಣಿನವರೆಗೆ ಅಳೆಯುತ್ತಾರಲ್ವಾ? ನಾನು ಮಣಿಕಟ್ಟಿನ ದಪ್ಪವನ್ನೂ ಅಳೆಯುತ್ತೇನೆ. ಎತ್ತರ ಒಂದು ಮಿಮೀ ಕಮ್ಮಿ ಇದ್ದರೆ ಬೇಸ್ ಕೆಳಗೆ ರಟ್ಟು ಅಂಟಿಸಬಹುದು. ಮಣಿಕಟ್ಟಿಗೆ ಏನು ಮಾಡ್ತೀರಿ?

ನಡುವೆ ಮೈಸೂರು ಸೈನ್ಯದ ಹುಚ್ಚೂ ಹಿಡಿಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ 1780ರ ಪೊಳ್ಳಿಲೂರು ಕದನದ ಗೋಡೆಚಿತ್ರ ಇದೆಯಲ್ಲ, ಅದರ ಮುಂದೆ ಅರ್ಧ ದಿನ ನಿಂತು ಬಂದೆ. ಬೇರೆ ಬೇರೆ ಪೆಟ್ಟಿಗೆಗಳಲ್ಲಿ ಉಳಿದ ದೇಹಗಳಿಗೆ ಗ್ರೀನ್ ಸ್ಟಫ್ ಅನ್ನುವ, ಆಮೇಲೆ ಗಟ್ಟಿಯಾಗುವ ಪುಟ್ಟಿಯಲ್ಲಿ ಪೇಟ ಸುತ್ತಿದೆ. ಟಿಪ್ಪುವಿನ ಹುಲಿಪಟ್ಟೆಯನ್ನು ಅಂಗಿ ಮೇಲೆ ಸಣ್ಣದಾಗಿ ಬರೆದರೆ ದೂರದಿಂದ ಬೂದಿಬಣ್ಣದ ಕಲೆಯಷ್ಟೇ. ಅಂಗಿಗೆ ಏಳೆಂಟೇ ಪಟ್ಟೆ, ಆದರೆ ದಪ್ಪ ಪಟ್ಟೆ ಎಳೆದ ಮೇಲೆ ಸರಿಹೋಯಿತು. 28 ಮಿಮೀಗೆ ಮಾಡಿದ 3ಡಿ ಫೈಲನ್ನು 15ಕ್ಕೆ ಇಳಿಸಿ ರೆಸಿನ್‌ನಲ್ಲಿ (ಬೆಳಕಿಗೆ ಗಟ್ಟಿಯಾಗುವ ದ್ರವ) 3ಡಿ ಪ್ರಿಂಟ್ ಕೂಡ ಮಾಡಿದೆ. ಬಂದೂಕಿನ ನಳಿಗೆ ಕೂದಲೆಳೆಯಷ್ಟಾಗಿ, ಸಪೋರ್ಟ್ (ಪ್ರಿಂಟಿನ ಆಸರೆ ಕಡ್ಡಿ) ಕೀಳುವಾಗಲೇ ಮುರಿಯಿತು. ಒಂದೂವರೆ ಸಾವಿರದ ರೆಸಿನ್ ಸುಮ್ನೆ ಹೋಯಿತು.

ಮಳೆಗಾಲದಲ್ಲಿ ಸ್ಪ್ರೇ ಪ್ರೈಮರ್ ಹೊಡೆದರೆ ಪುಡಿಪುಡಿಯಾಗಿ ಕೂರುತ್ತದೆ. ಬ್ರಷ್‌ನಲ್ಲೇ ಹಚ್ಚಿ. ದೀಪ ಎಲ್ಲಿಡಬೇಕು, ಹಿಂದೆ ಯಾವ ಬಣ್ಣದ ಬಟ್ಟೆ ಇರಬೇಕು ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ.

ಕಳೆದ ವರ್ಷ ಗುಂಪಿನಲ್ಲೇ ಪರೀಕ್ಷೆ ಇಟ್ಟೆ. ಐದು ಸರಣಿ, ಎಲ್ಲ ಕಪ್ಪು, ಹೆಸರು ಬೇಸ್ ಅಡಿಯಲ್ಲಿ. ಆರಿಸಿದರು, ನಾನು ಬರೆದಿಟ್ಟುಕೊಂಡೆ. ತಿಂಗಳುಗಟ್ಟಲೆ ಕೂತು ಬಣ್ಣ ಹಚ್ಚಿ ಮತ್ತೆ ಕೇಳಿದೆ. ಮೊದಲ ಎರಡು ಸ್ಥಾನ ಬದಲಾಗಲಿಲ್ಲ. ಮಾರುವಾಗಲೂ ಅದೇ ಕಥೆ: ಪಾಸಾದವು ಹೆಚ್ಚುಕಮ್ಮಿ ಕೊಂಡ ಬೆಲೆಗೇ ಹೋದವು, ಫೇಲಾದವನ್ನು ಅರ್ಧಕ್ಕೂ ಕೇಳುವವರಿರಲಿಲ್ಲ.

ಕುದುರೆ ಸೈನ್ಯಕ್ಕೆ ಈ ಲೆಕ್ಕ ಹೊಂದಲ್ಲ. ಸವಾರನ ಕಾಲು ಎಲ್ಲರದೂ ಒಂದೇ ಥರ. ಅಲ್ಲಿ ಕುದುರೆಯ ಕತ್ತು ನೋಡಬೇಕು. ಒಂದು ಪೆಟ್ಟಿಗೆಯಲ್ಲಿ ಮೂರು ಬಗೆಯ ಕತ್ತಾದರೂ ಇದ್ದರೆ ಕೊಳ್ಳಿ.