ಸಿಂಡಿಕೇಟ್ ಸಭೆಯಲ್ಲಿ ಒಂದು ದೊಡ್ಡ ವಿಷಯಕ್ಕೆ ಜಾಗ ಮಾಡಿದ್ದು

ರಾಜ್ಯದ ಒಂದು ಸರ್ಕಾರಿ ವಿಶ್ವವಿದ್ಯಾಲಯದ ಸಿಂಡಿಕೇಟಿಗೆ, ಅಂದರೆ ಅದರ ಆಡಳಿತ ಮಂಡಳಿಗೆ, ನಾಮನಿರ್ದೇಶಿತ ಸದಸ್ಯನಾಗಿ ಹೋದಾಗ ಮೊದಲು ಕಣ್ಣಿಗೆ ಬಿದ್ದದ್ದು ಕಾರ್ಯಸೂಚಿಯ ದಪ್ಪ. ಕಾಲೇಜುಗಳ ಸಂಯೋಜನೆ (ಅಫಿಲಿಯೇಶನ್) ಮುಂದುವರಿಕೆ, ಬಡ್ತಿ, ಟೆಂಡರು, ಕೋರ್ಟ್ ಕೇಸು, ಆಗಲೇ ಆಗಿಹೋದ ಕೆಲಸಗಳಿಗೆ ಘಟನೋತ್ತರ ಅನುಮೋದನೆ. ಸಾಲದ್ದಕ್ಕೆ, ಕುರ್ಚಿಯಲ್ಲಿ ಕೂತ ಮೇಲೆ ಕೈಗೆ ಬರುವ ಟೇಬಲ್ ಅಜೆಂಡಾ. ಮಧ್ಯಾಹ್ನದ ಊಟದ ಹೊತ್ತಿಗೆ ಎಲ್ಲ ಮುಗಿಯುತ್ತಿತ್ತು. ಐದು ವರ್ಷದ ನಂತರ ಈ ವಿ.ವಿ. ಹೇಗಿರಬೇಕು ಅನ್ನುವ ಪ್ರಶ್ನೆ ಮಾತ್ರ ಎಲ್ಲೂ ಇರಲಿಲ್ಲ.

ಇದಕ್ಕೆ ವ್ಯವಸ್ಥೆಯೂ ಕಾರಣ. ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಕಾಯ್ದೆ, 2000ರ ಪ್ರಕಾರ ಸಿಂಡಿಕೇಟಿನ ಅಧ್ಯಕ್ಷರು ಕುಲಪತಿಗಳೇ. ದಿನನಿತ್ಯ ಆಡಳಿತ ನಡೆಸುವವರೇ ಅದನ್ನು ಪ್ರಶ್ನಿಸಬೇಕಾದ ಸಭೆಯನ್ನೂ ನಡೆಸುತ್ತಾರೆ. ಐಐಎಂಗಳಲ್ಲಿ ಹಾಗಿಲ್ಲ, ಅಲ್ಲಿ ಆಡಳಿತ ಮಂಡಳಿಗೆ ಬೇರೆ ಅಧ್ಯಕ್ಷರಿರುತ್ತಾರೆ. ಇನ್ನು ದೊಡ್ಡ ನೀತಿಗಳು ಬೆಂಗಳೂರಿನಲ್ಲೇ ನಿರ್ಧಾರವಾಗುತ್ತವೆ. ನಾಲ್ಕು ವರ್ಷದ ಪದವಿ 2021-22ರಲ್ಲಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಪಠ್ಯಕ್ರಮ ಎರಡು ಸಲ ಬದಲಾಯಿಸುವ ಕೆಲಸ ವಿ.ವಿ.ಗಳ ಪಾಲಿಗೆ.

ಆದರೂ ನಮ್ಮ ಕೈಯಲ್ಲಿ ಏನೂ ಇಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 2023ರಲ್ಲಿ ರಾಜ್ಯದಲ್ಲಿ ಏಳು ಹೊಸ ವಿ.ವಿ.ಗಳು ಶುರುವಾದಾಗ ಹಳೆಯವು ತಮ್ಮ ಕಾಲೇಜುಗಳಲ್ಲಿ ಕೆಲವನ್ನು ಬಿಟ್ಟುಕೊಡಬೇಕಾಯಿತು. ನಮ್ಮದೂ ಅವುಗಳಲ್ಲಿ ಒಂದು. ಕಾಲೇಜು ಹೋದರೆ ಸಂಯೋಜನಾ ಶುಲ್ಕ ಹೋಯಿತು, ಪರೀಕ್ಷಾ ಶುಲ್ಕವೂ ಹೋಯಿತು. ಖರ್ಚು ಇದ್ದ ಹಾಗೇ ಇತ್ತು. ಇರುವ ದುಡ್ಡಿನಲ್ಲಿ ಯಾವುದನ್ನು ಉಳಿಸಬೇಕು ಅಂತ ಸಿಂಡಿಕೇಟ್ ಅಲ್ಲದೆ ಇನ್ಯಾರು ಕೇಳಬೇಕು?

ಸಭೆಯಲ್ಲಿ ಭಾಷಣ ಮಾಡಿದರೆ ಎಲ್ಲರೂ ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋಗುತ್ತಾರೆ. ಹಾಗಾಗಿ ಮೊದಲು ಹಣಕಾಸು ಅಧಿಕಾರಿಗಳ ಕಚೇರಿಗೆ ಹೋದೆ. 'ಸಾರ್, ಒಂದೇ ಹಾಳೆ ಸಾಕು' ಅಂದೆ. ಸ್ನಾತಕೋತ್ತರ ವಿಭಾಗದ ಹೆಸರು, ಮಂಜೂರಾದ ಸೀಟು, ದಾಖಲಾದವರು, ಖಾಯಂ ಅಧ್ಯಾಪಕರು, ಅತಿಥಿ ಉಪನ್ಯಾಸಕರು, ವರ್ಷದ ಖರ್ಚು. ಮಾಹಿತಿ ಎಲ್ಲಾ ಇತ್ತು, ಬೇರೆ ಬೇರೆ ಶಾಖೆಗಳ ಕಡತಗಳಲ್ಲಿ ಹಂಚಿಹೋಗಿತ್ತು ಅಷ್ಟೇ. ಅಲ್ಲಿನ ಸೂಪರಿಂಟೆಂಡೆಂಟ್ ಒಬ್ಬರು ಮುತುವರ್ಜಿಯಿಂದ ಕೂತು ಪಟ್ಟಿ ಮಾಡಿಕೊಟ್ಟರು. ಅವರ ಸಹಾಯ ಇಲ್ಲದಿದ್ದರೆ ಈ ಕೆಲಸ ಆಗುತ್ತಲೇ ಇರಲಿಲ್ಲ.

ಆಮೇಲೆ ಕುಲಪತಿಗಳನ್ನು ಸಭೆಗೆ ಮುಂಚೆಯೇ ಕಂಡು ಮಾತಾಡಿದೆ. ಅವರನ್ನು ಸಭೆಯಲ್ಲಿ ಇಕ್ಕಟ್ಟಿಗೆ ಸಿಕ್ಕಿಸುವುದರಿಂದ ಸುಮ್ನೆ ಜಗಳ, ಬೇರೇನೂ ಆಗುವುದಿಲ್ಲ. ಈ ಒಂದೇ ವಿಷಯಕ್ಕೆ ವಿಶೇಷ ಸಭೆ ಕರೆಯಲು ಅವರು ಒಪ್ಪಿದರು. ಟಿಪ್ಪಣಿ ಒಂದು ವಾರ ಮೊದಲೇ ಎಲ್ಲರಿಗೂ ತಲುಪಬೇಕು ಅಂತ ಕುಲಸಚಿವರನ್ನು ಕೇಳಿಕೊಂಡೆ.

ಆ ಹಾಳೆಯಲ್ಲಿ ಒಂದು ಸಾಲು ಹೀಗಿತ್ತು: ಇಡೀ ವಿಭಾಗಕ್ಕೆ ಒಬ್ಬರೇ ಖಾಯಂ ಪ್ರಾಧ್ಯಾಪಕರು, ಅವರೂ ನಿವೃತ್ತಿಯ ಅಂಚಿನಲ್ಲಿ. ಪಾಠವೆಲ್ಲ ಅತಿಥಿ ಉಪನ್ಯಾಸಕರದ್ದೇ. ಅರ್ಧಕ್ಕಿಂತ ಜಾಸ್ತಿ ಸೀಟು ಖಾಲಿ. ಮುಚ್ಚಿಬಿಡಿ ಅಂದವರಿದ್ದರು. ನಾನು ವಿರೋಧಿಸಿದೆ. ಆ ವಿಷಯ ಓದಲು ಬರುವ ಹಳ್ಳಿ ಮಕ್ಕಳಿಗೆ ಹತ್ತಿರದಲ್ಲಿ ಬೇರೆ ಜಾಗವಿಲ್ಲ. ಕೊನೆಗೆ ಪಕ್ಕದ ವಿಭಾಗದ ಜೊತೆ ಕೆಲವು ಪತ್ರಿಕೆಗಳನ್ನು ಒಟ್ಟಿಗೆ ಬೋಧಿಸುವ ಸಲಹೆ ಬಂತು. ಪಠ್ಯದ ವಿಚಾರ ವಿದ್ಯಾವಿಷಯಕ ಪರಿಷತ್ತಿನದ್ದು, ಆದ್ದರಿಂದ ಅಲ್ಲಿಗೆ ಶಿಫಾರಸು ಕಳಿಸಿದೆವು. ಉಳಿದ ಹಣ ಗ್ರಂಥಾಲಯಕ್ಕೆ ಮತ್ತು ಹೆಣ್ಣುಮಕ್ಕಳ ಹಾಸ್ಟೆಲ್ ದುರಸ್ತಿಗೆ ಅಂತ ತೀರ್ಮಾನವಾಯಿತು. ಒಬ್ಬ ಸದಸ್ಯರು ಒಪ್ಪಲಿಲ್ಲ. ಅವರ ಭಿನ್ನಾಭಿಪ್ರಾಯವನ್ನೂ ನಡಾವಳಿಯಲ್ಲಿ ಬರೆಸಿದೆವು, ಅದು ಅವರ ಹಕ್ಕು ಅಲ್ವಾ.

ಹೊಸದಾಗಿ ಸಿಂಡಿಕೇಟಿಗೆ ಬರುವವರು ನಡಾವಳಿಯ ಕರಡನ್ನು ತಪ್ಪದೆ ಓದಬೇಕು. ಯಾರು ಮಾಡಬೇಕು, ಯಾವಾಗಿನೊಳಗೆ ಅಂತ ಅದರಲ್ಲಿ ಇಲ್ಲದಿದ್ದರೆ ತೀರ್ಮಾನ ಕಡತದಲ್ಲೇ ಉಳಿಯುತ್ತದೆ. ನಮ್ಮಲ್ಲಿ ಈಗ ಅನುಪಾಲನಾ ವರದಿಯೇ, ಅಂದರೆ ಹಿಂದಿನ ತೀರ್ಮಾನಗಳಲ್ಲಿ ಯಾವುದು ಜಾರಿಯಾಯಿತು ಅನ್ನುವ ವರದಿಯೇ, ಸಭೆಯ ಮೊದಲ ವಿಷಯ. ಖಾಯಂ ಹುದ್ದೆ ತುಂಬಲು ಸರ್ಕಾರದ ಅನುಮತಿ ಬೇಕು, ಅದಿನ್ನೂ ಸಿಕ್ಕಿಲ್ಲ. ಮತ್ತೆ ಪತ್ರ ಹೋಗಿದೆ, ಈ ಸಲ ಆ ಹಾಳೆಯನ್ನೂ ಲಗತ್ತಿಸಿ.