ಅಡಿಕೆ ಸಂಘದ ಹಳೇ ಕಡತ: ಬಾರ್‌ಕೋಡ್ ಇಟ್ಟು ಸ್ಕ್ಯಾನ್ ಮಾಡುವುದು

ಪ್ರತಿ ಸದಸ್ಯರ ಕಡತದ ಮೇಲೆ ಒಂದು ಬಾರ್‌ಕೋಡ್ ಹಾಳೆ ಇಟ್ಟು ಇಡೀ ಕಟ್ಟನ್ನು ಸ್ಕ್ಯಾನರ್‌ಗೆ ಕೊಡಿ. ಆ ಹಾಳೆ ಬಂದಲ್ಲೆಲ್ಲ ಹೊಸ ಪಿಡಿಎಫ್ ಶುರುವಾಗಿ, ಕೋಡ್‌ನ ಸಂಖ್ಯೆಯೇ ಫೈಲಿನ ಹೆಸರಾಗುವಂತೆ ಸಾಫ್ಟ್‌ವೇರ್‌ನಲ್ಲಿ ಸೆಟ್ ಮಾಡಿ. ಬಾರ್‌ಕೋಡ್‌ನ ಬಗೆಗಳಲ್ಲಿ ಕೋಡ್ 128 ಎಂಬುದು ಸಾಕು. ಅದರಲ್ಲಿ ಕನ್ನಡ ಅಕ್ಷರ ಕೂರುವುದಿಲ್ಲ. ಸದಸ್ಯ ಸಂಖ್ಯೆ ಮಾತ್ರ ಹಾಕಿ, ಅದೂ 417 ಅಲ್ಲ, ಆರಂಕಿಯಲ್ಲಿ 000417. ಹೆಸರು, ಊರು ಎಕ್ಸೆಲ್ ಪಟ್ಟಿಯಲ್ಲಿರಲಿ. ಸಂಖ್ಯೆಯ ಕಾಲಂ ಟೆಕ್ಸ್ಟ್ ಮಾಡದಿದ್ದರೆ ಎಕ್ಸೆಲ್ ಸಂಖ್ಯೆಯ ಶುರುವಿನ ಸೊನ್ನೆಗಳನ್ನೆಲ್ಲ ನುಂಗಿಬಿಡುತ್ತದೆ.

ಸ್ಕ್ಯಾನ್‌ನ ಸ್ಪಷ್ಟತೆ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ) ಇಡಿ. ಬಾರ್‌ಕೋಡ್ ಗೆರೆಗಳ ಎರಡೂ ಬದಿ ಕಾಲು ಇಂಚು ಖಾಲಿ ಬೇಕು; ಪಂಚ್ ತೂತು, ಮೊಹರು ಅಲ್ಲಿಗೆ ಬಂದರೆ ಓದುವುದಿಲ್ಲ.

ತೀರ್ಥಹಳ್ಳಿ, ಆಗುಂಬೆ ಕಡೆ ಮಳೆಗಾಲದಲ್ಲಿ ಕಾಗದ ತಂಪು ಹಿಡಿದು ಎರಡೆರಡು ಒಟ್ಟಿಗೆ ಒಳಹೋಗುತ್ತವೆ. ಹೀಗೆ ಇನ್ನೊಂದರಡಿ ಅಡಗಿದ್ದು ಬಾರ್‌ಕೋಡ್ ಹಾಳೆಯಾದರೆ ಇಬ್ಬರ ಕಡತ ಒಂದೇ ಆಗುತ್ತದೆ. ಪಿಡಿಎಫ್‌ಗಳನ್ನೂ ಬಾರ್‌ಕೋಡ್ ಹಾಳೆಗಳನ್ನೂ ಎಣಿಸಿ, ತಾಳೆಯಾದ ಮೇಲೇ ಕಟ್ಟನ್ನು ಬೀರುವಿಗಿಡಿ.